ಒಗ್ಗರಣೆಯ ಘಮ, ಪಂಕ್ತಿಯ ಲೆಕ್ಕ: ಊಟದ ಹಾಸ್ಯಚಿತ್ರಗಳ ವಿಮರ್ಶೆಗೆ ಒಂದು ಜಾನಪದ ಮರುನೋಟ

೧

ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗದ ಕಡೆ ಬೆಳಗಿನ ಹೊತ್ತು ಹೋಟೆಲಿನಲ್ಲಿ ಕುಳಿತು 'ಒಂದು ಒಗ್ಗರಣಿ' ಎಂದು ಹೇಳಿದರೆ ಎದುರಿಗೆ ಬರುವುದು ಒಂದು ಪ್ಲೇಟು ತಿಂಡಿ. ಮಂಡಾಳನ್ನು ನೀರಿನಲ್ಲಿ ನೆನೆಸಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನ ಬಿದ್ದ ಎಣ್ಣೆಯಲ್ಲಿ ಕಲಸಿ, ಮೇಲೆ ಪುಠಾಣಿಯ ಪುಡಿ ಉದುರಿಸಿದರೆ ಅದು ಒಗ್ಗರಣಿ. ಜೊತೆಗೆ ಎರಡು ಮಿರ್ಚಿ ಇದ್ದರೆ ಒಂದು ಹೊತ್ತಿನ ಹಸಿವು ಅಡಗುತ್ತದೆ. ಅದೇ ಪದವನ್ನು ಮೈಸೂರಿನ ಅಡುಗೆಮನೆಯಲ್ಲಿ ಆಡಿದರೆ ಅದಕ್ಕೆ ತಿಂಡಿಯೆಂಬ ಅರ್ಥವಿಲ್ಲ. ಅಲ್ಲಿ ಅದು ಒಂದು ಕ್ರಿಯೆ: ಬೆಂದ ಸಾರಿಗೆ, ಪಲ್ಯಕ್ಕೆ ಕೊನೆಯಲ್ಲಿ ಬೀಳುವ ಸಾಸಿವೆ, ಕರಿಬೇವು, ಇಂಗಿನ ಸದ್ದು ಮತ್ತು ಘಮ. ಒಂದೆಡೆ ಊಟವೇ ಆಗಿರುವುದು ಇನ್ನೊಂದೆಡೆ ಊಟಕ್ಕೆ ಕೂಡಿಸುವ ಪರಿಮಳ.

೨೦೧೪ರ ಜೂನ್ ೬ರಂದು ತೆರೆಕಂಡ, ಪ್ರಕಾಶ್ ರೈ ನಿರ್ದೇಶಿಸಿ ನಟಿಸಿದ 'ಒಗ್ಗರಣೆ' ಚಿತ್ರದ ಶೀರ್ಷಿಕೆ ಈ ಎರಡನೆಯ ಅರ್ಥದ್ದು. ಊಟವನ್ನೇ ಕಥೆಯ ನಡುಗಂಬವನ್ನಾಗಿ ಮಾಡಿಕೊಂಡ ಕನ್ನಡದ ಕೌಟುಂಬಿಕ ಹಾಸ್ಯಚಿತ್ರಗಳು ವಿರಳ. ಆ ವಿರಳ ಸಾಲಿನಲ್ಲಿ ಇದು ಮುಖ್ಯವಾದದ್ದು. ಈ ಚಿತ್ರವನ್ನು ವಿಮರ್ಶೆ ಹೇಗೆ ಬರಮಾಡಿಕೊಂಡಿತು, ಯಾವ ಮಾನದಂಡಗಳಿಂದ ಅಳೆಯಿತು, ಯಾವ ಪ್ರಶ್ನೆಗಳನ್ನು ಕೇಳದೆ ಉಳಿಸಿತು ಎಂಬುದನ್ನು ಜಾನಪದ ಅಧ್ಯಯನದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಹೋಲಿಕೆಗಾಗಿ ಸಾವಿನ ಊಟವನ್ನು ಕೇಂದ್ರದಲ್ಲಿಟ್ಟುಕೊಂಡ 'ತಿಥಿ' ಚಿತ್ರವನ್ನೂ, ಮಾನ್ವಿ ಮತ್ತು ಅದರ ನೆರೆಯ ಸೀಮೆಯ ಅನ್ನಸಂಬಂಧಿ ಐತಿಹ್ಯಗಳನ್ನೂ ಇಲ್ಲಿ ಬಳಸಿಕೊಳ್ಳಲಾಗಿದೆ.

೨

'ಒಗ್ಗರಣೆ' ಸ್ವತಂತ್ರ ಕಥೆಯಲ್ಲ. ಆಶಿಕ್ ಅಬು ನಿರ್ದೇಶನದಲ್ಲಿ ೨೦೧೧ರಲ್ಲಿ ಬಂದ ಮಲಯಾಳಂನ 'ಸಾಲ್ಟ್ ಎನ್ ಪೆಪ್ಪರ್' ಇದರ ಮೂಲ. ಶ್ಯಾಮ್ ಪುಷ್ಕರನ್ ಮತ್ತು ದಿಲೀಶ್ ನಾಯರ್ ಬರೆದ ಆ ಚಿತ್ರ ಮಲಯಾಳಂ ಸಿನಿಮಾದ ಹೊಸ ತಲೆಮಾರಿನ ಆರಂಭದ ಕೃತಿಗಳಲ್ಲಿ ಒಂದೆಂದು ಎಣಿಕೆಯಾಯಿತು. ಕಲಾತ್ಮಕತೆಯನ್ನೂ ಜನಪ್ರಿಯತೆಯನ್ನೂ ಒಟ್ಟಿಗೆ ಪಡೆದ ಚಿತ್ರಕ್ಕೆ ಕೇರಳ ರಾಜ್ಯ ನೀಡುವ ಪ್ರಶಸ್ತಿಯೂ ಆ ವರ್ಷ ಅದಕ್ಕೆ ಸಂದಿತು. ಪ್ರಕಾಶ್ ರೈ ಅದನ್ನು ಏಕಕಾಲಕ್ಕೆ ಮೂರು ಭಾಷೆಗಳಲ್ಲಿ ಮರುರೂಪಿಸಿದರು: ಕನ್ನಡದಲ್ಲಿ 'ಒಗ್ಗರಣೆ', ತೆಲುಗಿನಲ್ಲಿ 'ಉಲವಚಾರು ಬಿರಿಯಾನಿ', ತಮಿಳಿನಲ್ಲಿ 'ಉನ್ ಸಮೈಯಲ್ ಅರೈಯಿಲ್'. ಸಂಗೀತ ಇಳಯರಾಜ ಅವರದು. ೨೦೨೨ರಲ್ಲಿ ಇದೇ ಕಥೆ ಹಿಂದಿಯಲ್ಲಿ 'ತಡ್ಕಾ' ಎಂಬ ಹೆಸರಿನಿಂದ ಬಂದಿತು. 'ತಡ್ಕಾ' ಎಂದರೂ ಒಗ್ಗರಣೆಯೇ.

ಕಥಾವಸ್ತು ಸರಳ. ಪುರಾತತ್ವ ಇಲಾಖೆಯ ಅಧಿಕಾರಿ ಕಾಳಿದಾಸ ಮದುವೆಯ ವಯಸ್ಸು ದಾಟಿದವನು. ಊಟವೇ ಅವನ ವ್ಯಸನ. ಹೆಣ್ಣು ನೋಡಲು ಹೋದವನು ಅಲ್ಲಿನ ತಿಂಡಿಯ ರುಚಿಗೆ ಮಾರುಹೋಗಿ, ಹೆಣ್ಣನ್ನು ಬಿಟ್ಟು ಅಡುಗೆಯವನನ್ನು ಮನೆಗೆ ಕರೆತರುತ್ತಾನೆ. ಡಬ್ಬಿಂಗ್ ಕಲಾವಿದೆಯಾದ ಗೌರಿಯೂ ಒಂಟಿ. ಅವಳು ದೋಸೆ ತರಿಸಲೆಂದು ಮಾಡಿದ ಫೋನು ತಪ್ಪಿ ಕಾಳಿದಾಸನಿಗೆ ಹೋಗುತ್ತದೆ. ಜಗಳದಿಂದ ಆರಂಭವಾದ ಮಾತು ಊಟದ ಮಾತಾಗಿ, ಊಟದ ಮಾತು ಒಲವಾಗುತ್ತದೆ. ಮುಖಾಮುಖಿಯಾಗುವ ಹೊತ್ತಿಗೆ ಇಬ್ಬರಿಗೂ ತಮ್ಮ ವಯಸ್ಸು, ರೂಪಗಳ ಬಗ್ಗೆ ಅಳುಕು ಹುಟ್ಟಿ, ತಮ್ಮ ಬದಲಿಗೆ ಎಳೆಯರಿಬ್ಬರನ್ನು ಕಳುಹಿಸುತ್ತಾರೆ. ಗೊಂದಲದಿಂದ ನಗೆ, ನಗೆಯಿಂದ ನೋವು, ಕೊನೆಗೆ ಕೂಡುವಿಕೆ. ಇದರ ಬದಿಗೆ, ಕಾಳಿದಾಸನ ಮನೆಗೆ ಬಂದು ಸೇರುವ ಬುಡಕಟ್ಟಿನ ಹಿರಿಯನೊಬ್ಬನ ಉಪಕಥೆಯಿದೆ.

ಚಿತ್ರದ ಸ್ವೀಕಾರದಲ್ಲಿ ನಾಲ್ಕು ಎಳೆಗಳನ್ನು ಗುರುತಿಸಬಹುದು. ಮೊದಲನೆಯದು ಮೂಲನಿಷ್ಠೆಯ ಪ್ರಶ್ನೆ. ರೀಮೇಕ್ ಎಂದೊಡನೆ ಮೂಲದೊಂದಿಗೆ ತೂಗಿ ನೋಡುವುದು ಕನ್ನಡ ಚಿತ್ರವಿಮರ್ಶೆಯ ರೂಢಿ. ಅದಕ್ಕೆ ಕಾರಣವೂ ಇದೆ: ರೀಮೇಕುಗಳ ಕುರಿತ ವಾದ ಕನ್ನಡದಲ್ಲಿ ದಶಕಗಳಿಂದ ನಡೆದು ಬಂದದ್ದು. ಎರಡನೆಯದು ಅಭಿನಯದ ಆಪ್ತತೆ. ಪ್ರಕಾಶ್ ರೈ ಮತ್ತು ಸ್ನೇಹಾ ಜೋಡಿಯ ಪಕ್ವತೆ, ನಡುವಯಸ್ಸಿನ ಒಲವನ್ನು ಗೇಲಿ ಮಾಡದೆ ತೋರಿಸಿದ ಸಂಯಮ ಇವು ಮೆಚ್ಚುಗೆ ಪಡೆದವು. ಮೂರನೆಯದು 'ಊಟವೇ ಒಲವಿನ ಭಾಷೆ' ಎಂಬ ಓದು. ಜಯಂತ ಕಾಯ್ಕಿಣಿ ಬರೆದ, ರುಚಿಯನ್ನು ಜನ್ಮದ ಸಾರ್ಥಕ್ಯವೆಂಬಂತೆ ಹಾಡಿದ ಗೀತೆಯ ಜನಪ್ರಿಯತೆ ಈ ಓದಿಗೆ ಬಲ ಕೊಟ್ಟಿತು. ನಾಲ್ಕನೆಯದು ಆಕ್ಷೇಪದ ಎಳೆ: ಬುಡಕಟ್ಟಿನ ಹಿರಿಯನ ಉಪಕಥೆ ಮುಖ್ಯಕಥೆಗೆ ಬೆಸೆದುಕೊಳ್ಳುವುದಿಲ್ಲ, ಅದು ಅನಗತ್ಯ ಎಂಬುದು.

ಈ ನಾಲ್ಕೂ ಮಾತುಗಳು ತಮ್ಮ ಮಟ್ಟಿಗೆ ಸರಿ. ಆದರೆ ನಾಲ್ಕಕ್ಕೂ ತಳದಲ್ಲಿ ಒಂದೇ ಗ್ರಹಿಕೆಯಿದೆ. ಊಟವೆಂದರೆ ರುಚಿ, ರುಚಿಯೆಂದರೆ ವ್ಯಕ್ತಿಯ ಒಳಗಿನ ಸಂಗತಿ ಎಂಬುದೇ ಆ ಗ್ರಹಿಕೆ. ಊಟಕ್ಕೆ ಊರು, ಕೂಲಿ, ಸಾಲ, ಕರೆ, ನಿರಾಕರಣೆ ಎಂಬ ಹೊರಮೈಗಳೂ ಇವೆ ಎಂಬುದು ಈ ಚರ್ಚೆಯಲ್ಲಿ ಮುಂದೆ ಬರುವುದಿಲ್ಲ. ಜಾನಪದದ ನಗೆ ಹುಟ್ಟುವುದು ಆ ಹೊರಮೈಯಲ್ಲಿ.

೩

ಊಟದ ಸುತ್ತಲಿನ ಹಾಸ್ಯ ಕನ್ನಡಕ್ಕೆ ಹೊಸದಲ್ಲ. ಬಯಲಾಟ, ಯಕ್ಷಗಾನಗಳಲ್ಲಿ ಬಕಾಸುರನ ಬಂಡಿಯ ಅನ್ನವನ್ನು ತಾನೇ ಉಂಡು ಮುಗಿಸುವ ಭೀಮ, ವಿರಾಟನ ಅಡುಗೆಮನೆಯಲ್ಲಿ ವಲಲನಾಗಿ ನಿಂತ ಭೀಮ, ಇಬ್ಬರೂ ನಗೆಯ ಪಾತ್ರಗಳೇ. ಆದರೆ ಕೌಟುಂಬಿಕ ಹಾಸ್ಯಕ್ಕೆ ಹೆಚ್ಚು ಹತ್ತಿರದವು ಜನಪದ ಕಥೆಗಳು. ಅವುಗಳಲ್ಲಿ ಎರಡು ಮಾದರಿಗಳನ್ನು ಇಲ್ಲಿ ನೆನೆಯಬೇಕು.

ಒಂದು, ಹೆಸರು ಮರೆತವನ ಕಥೆ. ಅತ್ತೆಯ ಮನೆಯಲ್ಲಿ ಕಡುಬು ತಿಂದ ಅಳಿಯ ಅದರ ಹೆಸರನ್ನು ದಾರಿಯುದ್ದಕ್ಕೂ ಜಪಿಸುತ್ತ ಬರುತ್ತಾನೆ. ಒಂದು ಕಾಲುವೆಯನ್ನು ಹಾರುವಾಗ ಬಾಯಿಗೆ ಬಂದ ಉದ್ಗಾರವೇ ಹೆಸರಾಗಿ ಉಳಿದು, ಕಡುಬು ಮರೆತುಹೋಗುತ್ತದೆ. ಮನೆಗೆ ಬಂದು ಆ ಇಲ್ಲದ ತಿಂಡಿಯನ್ನು ಮಾಡಿಕೊಡೆಂದು ಹೆಂಡತಿಯನ್ನು ಪೀಡಿಸಿ ಹೊಡೆಯುತ್ತಾನೆ. ನೆರೆಯವರು ಬಂದು ಅವಳ ಕೆನ್ನೆ ಕಡುಬಿನಂತೆ ಊದಿತಲ್ಲ ಎಂದಾಗ ಅವನಿಗೆ ಹೆಸರು ನೆನಪಾಗುತ್ತದೆ. ಆರ್ನೆ-ಥಾಮ್ಸನ್ ವರ್ಗೀಕರಣದಲ್ಲಿ ೧೬೮೭ನೆಯ ಸಂಖ್ಯೆಯ ಈ ಮಾದರಿ ಲೋಕದ ಅನೇಕ ಭಾಷೆಗಳಲ್ಲಿದೆ. ಇನ್ನೊಂದು, ಮೌನದ ಪಂತದ ಕಥೆ. ಅದರ ಸಂಖ್ಯೆ ೧೩೫೧. ಗಂಡಹೆಂಡಿರ ನಡುವೆ ಐದು ತಿಂಡಿಗಳು. ಮೊದಲು ಮಾತಾಡಿದವರಿಗೆ ಎರಡು, ಗೆದ್ದವರಿಗೆ ಮೂರು. ಇಬ್ಬರೂ ಮಾತಾಡದೆ ಮಲಗಿಬಿಡುತ್ತಾರೆ. ಊರವರು ಸತ್ತರೆಂದು ಬಗೆದು ಸುಡುಗಾಡಿಗೆ ಹೊತ್ತೊಯ್ದಾಗ ಒಬ್ಬರು ಎದ್ದು, ಎರಡೇ ಸಾಕೆಂದು ಕೂಗುತ್ತಾರೆ.

ಈ ಕಥೆಗಳ ನಗೆಯ ಹಿಂದೆ ಹಸಿವಿದೆ. ಐದನೆಯ ಕಡುಬಿಗಾಗಿ ಸಾವಿನವರೆಗೂ ಹಟ ಹಿಡಿಯುವುದು ಹಾಸ್ಯವಾಗುವುದು ಐದನೆಯ ಕಡುಬು ಸುಲಭವಾಗಿ ಸಿಗದ ಮನೆಯಲ್ಲಿ ಮಾತ್ರ. ಹಾಗೆಯೇ ಮೊದಲ ಕಥೆಯ ನಗೆ ಒಬ್ಬ ಹೆಂಗಸಿನ ಊದಿದ ಕೆನ್ನೆಯ ಮೇಲೆ ನಿಂತಿದೆ. ಕನ್ನಡ ಜನಪದ ಕಥೆಗಳನ್ನು ಸಂಗ್ರಹಿಸಿ ವಿಶ್ಲೇಷಿಸಿದ ಎ.ಕೆ. ರಾಮಾನುಜನ್, ಹೆಂಗಸರು ಹೇಳುವ ಕಥೆಗಳಲ್ಲಿ ಲೋಕ ಬೇರೆಯೇ ಕ್ರಮದಲ್ಲಿ ಕಾಣುತ್ತದೆಂದು ತೋರಿಸಿಕೊಟ್ಟಿದ್ದಾರೆ. ಒಲೆಯ ಮುಂದೆ ಈ ಕಥೆಯನ್ನು ಹೇಳುವ ಹೆಂಗಸು ಗಂಡಸಿನ ದಡ್ಡತನವನ್ನು ನಗುತ್ತಲೇ ಪೆಟ್ಟಿನ ಲೆಕ್ಕವನ್ನೂ ಇಟ್ಟಿರುತ್ತಾಳೆ.

ಈ ಹಿನ್ನೆಲೆಯಲ್ಲಿ 'ಒಗ್ಗರಣೆ'ಯನ್ನು ನೋಡಿದರೆ, ವಿಮರ್ಶೆ ಗಮನಿಸಬೇಕಿದ್ದ ಒಂದು ಲಾಭ ಎದ್ದು ಕಾಣುತ್ತದೆ. ತಪ್ಪಿಹೋದ ಫೋನು ಜನಪದ ಕಥೆಯ ತಪ್ಪಿಹೋದ ಹೆಸರಿನ ಹೊಸ ರೂಪ. ಎರಡೂ ಕಡೆ ಒಂದು ತಿಂಡಿಯ ಬಯಕೆ, ದಾರಿ ತಪ್ಪಿದ ಮಾತು ಮತ್ತು ಅದರಿಂದ ಹುಟ್ಟಿದ ಜಗಳ ಇವೆ. ಆದರೆ ಜನಪದ ಕಥೆಯಲ್ಲಿ ಬಯಕೆ ಗಂಡನದು, ಪೆಟ್ಟು ಹೆಂಡತಿಯದು. ಚಿತ್ರದಲ್ಲಿ ಹಸಿದವಳು ಹೆಣ್ಣು. ಅವಳು ತನಗಾಗಿ ದೋಸೆ ಕೇಳುತ್ತಾಳೆ, ಬರದಿದ್ದಾಗ ಸಿಟ್ಟಾಗಿ ಬೈಯುತ್ತಾಳೆ, ಎದುರಿನವನು ತಿರುಗಿ ಬೈದರೆ ಸುಮ್ಮನಾಗುವುದಿಲ್ಲ. ಬಡಿಸುವವಳಾಗಿ ಮಾತ್ರ ಕಂಡಿದ್ದ ಹೆಣ್ಣು ಇಲ್ಲಿ ಉಣ್ಣುವವಳಾಗಿ ಕಥೆಯನ್ನು ಆರಂಭಿಸುತ್ತಾಳೆ. ಇನ್ನೂ ಒಂದು ಸೂಕ್ಷ್ಮವಿದೆ. ಗೌರಿಯ ವೃತ್ತಿ ಬೇರೆಯವರ ಮುಖಕ್ಕೆ ತನ್ನ ದನಿ ಕೊಡುವುದು. ಕೊನೆಗೆ ತನ್ನ ದನಿಗೆ ಬೇರೆಯವಳ ಮುಖವನ್ನು ಕಳುಹಿಸುವ ಸ್ಥಿತಿಗೆ ಅವಳು ಬರುತ್ತಾಳೆ. ಮದುವೆಯಾಗದ ಹೆಣ್ಣನ್ನು ಕುರಿತ ಊರಿನ ಕಣ್ಣು ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನು ಈ ಒಂದು ತಿರುವು ಹೇಳುತ್ತದೆ. ಚಿತ್ರದ ಆಪ್ತತೆಯನ್ನು ಮೆಚ್ಚಿದ ಮಾತುಗಳಲ್ಲಿ ಆ ಆಪ್ತತೆಯ ಅಡಿಯಲ್ಲಿರುವ ಈ ಅವಮಾನಕ್ಕೆ ಸಾಕಷ್ಟು ಜಾಗ ಸಿಗಲಿಲ್ಲ.

ಅದೇ ಹೊತ್ತಿನಲ್ಲಿ ಚಿತ್ರದ ಮಿತಿಯೂ ಇಲ್ಲಿಯೇ ಇದೆ. ಕಾಳಿದಾಸನಾಗಲಿ ಗೌರಿಯಾಗಲಿ ಹಸಿವನ್ನು ಬಲ್ಲವರಲ್ಲ. ಅವರು ರುಚಿಯನ್ನು ಬಲ್ಲವರು. ಹೆಣ್ಣಿನ ಬದಲಿಗೆ ಅಡುಗೆಯವನನ್ನು ಕರೆತರುವ ಪ್ರಸಂಗಕ್ಕೆ ಪ್ರೇಕ್ಷಕರು ನಕ್ಕರು, ನಗುವಂಥದೇ ಅದು. ಆದರೆ ಆ ನಗೆ ಒಂದು ಹಳೆಯ ಸತ್ಯವನ್ನು ಬಿಚ್ಚಿಡುತ್ತದೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಗಂಡು ಹುಡುಕುವುದು ಎಷ್ಟೋ ಸಲ ಅಡುಗೆಯ ಕೈಯನ್ನೇ. ಆ ಕೈ ಗಂಡಸಿನದಾದರೆ ಸಂಬಳಕ್ಕೆ ಬರುತ್ತದೆ, ಹೆಂಗಸಿನದಾದರೆ ತಾಳಿಗೆ ಬರುತ್ತದೆ.

೪

ಮೂರು ಭಾಷೆಗಳ ಶೀರ್ಷಿಕೆಗಳನ್ನು ಹೋಲಿಸಿದರೆ ಪ್ರಾದೇಶಿಕತೆಯ ಪ್ರಶ್ನೆ ಎದುರಾಗುತ್ತದೆ. ತೆಲುಗಿನ ಹೆಸರಿನಲ್ಲಿ ಹುರುಳಿಯ ಕಟ್ಟಿನಿಂದ ಮಾಡುವ ಆಂಧ್ರದ ಉಲವಚಾರು ಇದೆ. ಅದು ಒಂದು ನೆಲದ ಗುರುತು. ತಮಿಳಿನ ಹೆಸರು 'ನಿನ್ನ ಅಡುಗೆಮನೆಯಲ್ಲಿ' ಎನ್ನುತ್ತ ಒಂದು ಮನೆಯೊಳಗಿನ ಜಾಗವನ್ನು ತೋರಿಸುತ್ತದೆ. ಕನ್ನಡದ ಹೆಸರು ಅಡುಗೆಯ ಒಂದು ಕ್ರಿಯೆಯನ್ನು ಆರಿಸಿಕೊಂಡಿತು. ಇದು ಜಾಣ ಆಯ್ಕೆ. ಕರಾವಳಿ, ಮಲೆನಾಡು, ಹಳೆಯ ಮೈಸೂರು, ಕಲ್ಯಾಣ ಕರ್ನಾಟಕ, ಕಿತ್ತೂರು ಕರ್ನಾಟಕಗಳಿಗೆ ಒಂದೇ ಊಟದ ಹೆಸರು ಹೊಂದುವುದಿಲ್ಲ. ಒಗ್ಗರಣೆಯಾದರೋ ಎಲ್ಲ ಒಲೆಗಳ ಮೇಲೂ ಸಿಡಿಯುತ್ತದೆ.

ಆದರೆ ಎಲ್ಲರಿಗೂ ಹೊಂದುವ ಪದವನ್ನು ಆರಿಸಿದಾಗಲೂ ಅದು ಯಾರ ಅರ್ಥದಲ್ಲಿ ಬಳಕೆಯಾಗುತ್ತದೆಂಬ ಪ್ರಶ್ನೆ ಉಳಿಯುತ್ತದೆ. ಮಾನ್ವಿಯವನ ಒಗ್ಗರಣಿ ಶೀರ್ಷಿಕೆಯಲ್ಲಿದ್ದೂ ಇಲ್ಲ. ಕಥೆಗೆ ಚಾಲನೆ ಕೊಡುವ ತಿಂಡಿ ದೋಸೆ. ನಗರದ ಹೋಟೆಲು ಸಂಸ್ಕೃತಿ ಇಡೀ ನಾಡಿಗೆ ಹಂಚಿದ ತಿಂಡಿ ಅದು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಗಳ ಸೀಮೆಯಿಂದ ನೋಡಿದರೆ ಕನ್ನಡ ಚಿತ್ರಗಳ 'ಮನೆಯೂಟ' ಬಹುಮಟ್ಟಿಗೆ ಅಕ್ಕಿಯ ಊಟ.

ಧಾನ್ಯಗಳ ಈ ಶ್ರೇಣೀಕರಣ ಕನ್ನಡ ಸಾಹಿತ್ಯಕ್ಕೆ ಅಪರಿಚಿತವಲ್ಲ. ಕನಕದಾಸರ 'ರಾಮಧಾನ್ಯ ಚರಿತ್ರೆ'ಯಲ್ಲಿ ಅಕ್ಕಿ ಮತ್ತು ರಾಗಿ ಶ್ರೀರಾಮನೆದುರು ವಾದಕ್ಕೆ ನಿಲ್ಲುತ್ತವೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ. ಅಕ್ಕಿ ಕಂದುತ್ತದೆ, ರಾಗಿ ಉಳಿಯುತ್ತದೆ. ಊಟವನ್ನು ನೆಪವಾಗಿಟ್ಟುಕೊಂಡು ಸಮಾಜದ ಮೇಲುಕೀಳನ್ನು ನಗೆಯಾಡುವ ಕೃತಿಗಳಲ್ಲಿ ಅದಕ್ಕೆ ಸಾಟಿ ವಿರಳ. ಅದೇ ಶತಮಾನದ ಮೂರನೆಯ ಮಂಗರಸನ 'ಸೂಪಶಾಸ್ತ್ರ' ಅಡುಗೆಯ ವಿಧಾನಗಳನ್ನು ಷಟ್ಪದಿಯಲ್ಲಿ ಹೇಳುತ್ತದೆ. ೧೦೨೫ರ ಸುಮಾರಿಗೆ ರಚಿತವಾದ ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲೂ ಅಡುಗೆಯ ಭಾಗವಿದೆ. ಹೀಗೆ ಕನ್ನಡದಲ್ಲಿ ಅಡುಗೆಯನ್ನು ಕುರಿತ ಎರಡು ಪರಂಪರೆಗಳಿವೆ: ಒಂದು ರುಚಿಯನ್ನು ಬಣ್ಣಿಸುವ ಶಾಸ್ತ್ರದ್ದು, ಇನ್ನೊಂದು ಧಾನ್ಯದ ಜಾತಿಯನ್ನು ಪ್ರಶ್ನಿಸುವ ವಾದದ್ದು. 'ಒಗ್ಗರಣೆ' ಮಂಗರಸನ ಪರಂಪರೆಯ ಚಿತ್ರ. ವಿಮರ್ಶೆಯೂ ಅದೇ ಪರಂಪರೆಯ ಕಣ್ಣಿನಿಂದಲೇ ಅದನ್ನು ಸವಿಯಿತು.

ಮಾನ್ವಿಯಲ್ಲಿ ಕನಕದಾಸರ ವಾದ ಪುಸ್ತಕದ ಸಂಗತಿಯಾಗಿ ಉಳಿದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿ, ಸಿಂಧನೂರು ಭಾಗದ ಎರೆಹೊಲಗಳು ಭತ್ತದ ಗದ್ದೆಗಳಾದವು. ನೀರಾವರಿಯ ಜೊತೆಗೆ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು ಹುಟ್ಟಿದವು. ಜೋಳ ಉಣ್ಣುತ್ತಿದ್ದ ಸೀಮೆ ಅಕ್ಕಿ ಬೆಳೆಯುವ ಸೀಮೆಯಾಯಿತು. ಕಾಲುವೆಯ ನೀರು ಮುಟ್ಟದ ಕೊನೆಯ ಭಾಗದ ಹಳ್ಳಿಗಳಿಂದಲೂ ದೇವದುರ್ಗದ ಒಣಹೊಲಗಳಿಂದಲೂ ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು ರೂಢಿಯಾಯಿತು. ಅವರ ಬುತ್ತಿಯಲ್ಲಿ ಹೋಗುವುದು ವಾರಗಟ್ಟಲೆ ಕೆಡದ ಕಟಕ ರೊಟ್ಟಿ. ನಗರದ ಒಂಟಿ ಮನೆಯಲ್ಲಿ ದೋಸೆಗಾಗಿ ಫೋನು ಮಾಡುವ ಬಯಕೆಗೂ ಅದೇ ನಗರದ ಅರ್ಧ ಕಟ್ಟಿದ ಗೋಡೆಯ ನೆರಳಲ್ಲಿ ಬಿಚ್ಚಿದ ರೊಟ್ಟಿಯ ಗಂಟಿಗೂ ನಡುವಿನ ದೂರ ಕನ್ನಡದ ಊಟದ ಚಿತ್ರಗಳಿಗೆ ಇನ್ನೂ ವಸ್ತುವಾಗಬೇಕಾಗಿದೆ.

೫

ಈ ದೂರವನ್ನು ಬೇರೊಂದು ದಿಕ್ಕಿನಿಂದ ಮುಟ್ಟಿದ ಚಿತ್ರ 'ತಿಥಿ'. ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡರು ಕಥೆ ಚಿತ್ರಕಥೆಯಲ್ಲಿ ಜೊತೆಯಾದ ಈ ಚಿತ್ರ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಪರಿಸರದಲ್ಲಿ, ವೃತ್ತಿನಟರಲ್ಲದ ಊರಿನ ಜನರಿಂದಲೇ ರೂಪುಗೊಂಡಿತು. ೨೦೧೫ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿಗಳನ್ನು ಪಡೆದು, ಅದೇ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆನಿಸಿ, ೨೦೧೬ರಲ್ಲಿ ನಾಡಿನಲ್ಲಿ ತೆರೆಕಂಡಿತು. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯೂಟದವರೆಗೆ ಅವನ ಮಗ ಗಡ್ಡಪ್ಪ, ಮೊಮ್ಮಗ ತಮ್ಮಣ್ಣ, ಮರಿಮಗ ಅಭಿ ಏನೇನು ಮಾಡುತ್ತಾರೆಂಬುದೇ ಕಥೆ.

'ತಿಥಿ'ಯನ್ನು ವಿಮರ್ಶೆ ಬರಮಾಡಿಕೊಂಡ ಬಗೆ 'ಒಗ್ಗರಣೆ'ಯದಕ್ಕಿಂತ ಪೂರ್ತಿ ಭಿನ್ನ. ಅಲ್ಲಿ ಆಪ್ತತೆ, ಇಲ್ಲಿ ಸಹಜತೆ ಮುಖ್ಯ ಮಾನದಂಡವಾಯಿತು. ನಟರಲ್ಲದವರ ನಟನೆ, ಮಂಡ್ಯದ ಆಡುನುಡಿ, ಆಚರಣೆಗಳ ದಾಖಲೆಯಂಥ ಚಿತ್ರಣ ಇವು ಮತ್ತೆ ಮತ್ತೆ ಮೆಚ್ಚುಗೆ ಪಡೆದವು. ಜನಾಂಗವಿವರಣೆಯ ಗುಣವನ್ನು ಹೀಗೆ ಹೊಗಳುವಾಗ ಒಂದು ತೊಡಕು ಹುಟ್ಟುತ್ತದೆ. ಹಳ್ಳಿಯ ಬದುಕನ್ನು 'ಇದ್ದಂತೆ ಇದೆ' ಎಂದು ಮೆಚ್ಚುವುದು ಅಲ್ಲಿಯ ಜನರ ಹಾಸ್ಯಪ್ರಜ್ಞೆಯನ್ನು ಅವರ ಕೌಶಲವೆಂದು ಒಪ್ಪದೆ ಸ್ವಭಾವವೆಂದು ತಳ್ಳಿಹಾಕುವುದೂ ಆಗಬಹುದು. ಗಡ್ಡಪ್ಪನ ಪಾತ್ರಧಾರಿಯ ನಡಿಗೆ, ಮೌನ, ಒಂದು ಮಾತಿನ ಮುನ್ನಿನ ತಡೆ ಇವು ಕಟ್ಟೆಯ ಮೇಲೆ ಕಥೆ ಹೇಳಿ ಪಳಗಿದ ಸಮುದಾಯದ ಕಲೆ.

ಈ ಪ್ರಬಂಧಕ್ಕೆ ಮುಖ್ಯವಾದದ್ದು ಊಟ. 'ತಿಥಿ'ಯಲ್ಲಿ ಅಡುಗೆಯ ಸೊಗಸಿನ ಸಮೀಪದೃಶ್ಯಗಳಿಲ್ಲ, ಊಟದ ಲೆಕ್ಕವಿದೆ. ಊರಿಗೆಲ್ಲ ಮಾಂಸದೂಟ ಹಾಕಬೇಕು, ಅದಕ್ಕೆ ಹಣ ಬೇಕು, ಹಣಕ್ಕೆ ಸಾಲವಾಗಬೇಕು, ಸಾಲ ತೀರಿಸಲು ಜಮೀನು ಮಾರಬೇಕು, ಜಮೀನು ಮಾರಲು ಬದುಕಿರುವ ತಂದೆ ಕಾಗದದ ಮೇಲೆ ಸಾಯಬೇಕು. ಹೀಗೆ ಒಬ್ಬ ಸತ್ತವನ ಊಟಕ್ಕಾಗಿ ಬದುಕಿದ್ದವನೊಬ್ಬ ಸತ್ತವನಾಗುತ್ತಾನೆ. ಪಂಕ್ತಿಗೆ ಬೇಕಾದ ಕುರಿ ಕುರುಬರ ಹಿಂಡಿನಿಂದ ಕಳವಾಗಿ ಬರುತ್ತದೆ. ಅದೇ ಕುರುಬರ ಜೊತೆ ಗಡ್ಡಪ್ಪ ಬೆಂಕಿಯ ಮುಂದೆ ಕುಳಿತು ತನ್ನ ಬಾಳಿನ ಕಥೆ ಹೇಳುತ್ತಾನೆ. ಯಾರ ಕುರಿಯನ್ನು ಯಾರು ಯಾರಿಗೆ ಬಡಿಸಿದರು ಎಂಬ ಪ್ರಶ್ನೆಯಲ್ಲಿ ಚಿತ್ರದ ನಗೆಯೆಲ್ಲ ಇದೆ. ಮೌನದ ಪಂತದ ಕಥೆಯಲ್ಲಿ ಸುಡುಗಾಡಿನಲ್ಲಿ ಎದ್ದು ಕಡುಬಿನ ಪಾಲು ಕೇಳಿದವರ ನಗೆಗೂ ಇದಕ್ಕೂ ರಕ್ತಸಂಬಂಧವಿದೆ. ಸಾವನ್ನೂ ಊಟವನ್ನೂ ಒಂದೇ ಉಸಿರಿನಲ್ಲಿ ಹಾಸ್ಯವಾಗಿಸುವುದು ಜಾನಪದ ಮೊದಲಿನಿಂದ ಮಾಡಿಕೊಂಡು ಬಂದ ಕೆಲಸ. ರಾಬೆಲೆಯ ಕೃತಿಗಳನ್ನು ಕುರಿತು ಬರೆಯುತ್ತ ಮಿಖಾಯಿಲ್ ಬಖ್ತಿನ್ ಜನತೆಯ ಔತಣ ಸಾವಿನ ಮೇಲೆ ಬದುಕಿನ ಗೆಲುವನ್ನು ಸಾರುತ್ತದೆಂದು ಹೇಳಿದ್ದಾನೆ. 'ತಿಥಿ' ಆ ಗೆಲುವನ್ನು ತೋರಿಸುತ್ತಲೇ ಅದರ ಬೆಲೆಪಟ್ಟಿಯನ್ನೂ ಮುಂದಿಡುತ್ತದೆ.

ಮಾನ್ವಿ ಸೀಮೆಯ ಪ್ರೇಕ್ಷಕನಿಗೆ ಮಂಡ್ಯದ ನುಡಿ ಹೊರಗಿನದಾದರೂ ಈ ಬೆಲೆಪಟ್ಟಿ ಹೊರಗಿನದಲ್ಲ. ದಿವಸದ ಊಟ ಸಣ್ಣದಾದರೆ ಊರಿನ ಮಾತು ದೊಡ್ಡದಾಗುತ್ತದೆಂಬ ಭಯ ಎರಡೂ ಕಡೆ ಒಂದೇ.

೬

ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ ೧೯೮೧ರ ಲೇಖನವೊಂದರಲ್ಲಿ, ದಕ್ಷಿಣ ಭಾರತದ ಮನೆ, ಮದುವೆ ಮತ್ತು ದೇವಾಲಯಗಳಲ್ಲಿ ಊಟ ಹೇಗೆ ಸ್ಥಾನಮಾನದ ಜಗಳದ ಕಣವಾಗುತ್ತದೆಂದು ವಿವರಿಸಿ ಅದನ್ನು ಅನ್ನದ ರಾಜಕಾರಣವೆಂದು ಗ್ರಹಿಸಿದರು. ರಾಯಚೂರು ಸೀಮೆಯ ಎರಡು ಐತಿಹ್ಯಗಳು ಈ ಗ್ರಹಿಕೆಯನ್ನು ಇನ್ನಷ್ಟು ಹತ್ತಿರದಿಂದ ತೋರಿಸುತ್ತವೆ.

ಮೊದಲನೆಯದು ಹನ್ನೆರಡನೆಯ ಶತಮಾನದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಅವರದು. ಇವರು ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳುಹಿಸುತ್ತಾಳೆ. ಗಂಡಹೆಂಡಿರ ನಡುವೆ ಒಲೆಯ ಮುಂದೆ ನಡೆದ ಈ ಮಾತುಕತೆಗಿಂತ ಆಪ್ತವಾದ ಕೌಟುಂಬಿಕ ದೃಶ್ಯ ಇನ್ನೊಂದಿರಲಾರದು. ಆದರೆ ಅದರ ಆಪ್ತತೆ ಇರುವುದು ರುಚಿಯಲ್ಲಲ್ಲ, ಅಳತೆಯಲ್ಲಿ.

ಎರಡನೆಯದು ಮಾನ್ವಿಯದೇ. ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ ಹುಟ್ಟಿ ಮುಂದೆ 'ಹರಿಕಥಾಮೃತಸಾರ'ವನ್ನು ರಚಿಸಿದ ಜಗನ್ನಾಥದಾಸರು (೧೭೨೮–೧೮೦೯) ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು; ಕನ್ನಡದಲ್ಲಿ ಹಾಡುವ ದಾಸರ ಬಗ್ಗೆ ಅವರಿಗೆ ತಾತ್ಸಾರವಿತ್ತು. ಚೀಕಲಪರ್ವಿಯ ವಿಜಯದಾಸರು ಪ್ರಸಾದದ ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರೆಂದೂ, ಆ ನೆಪವೇ ನಿಜವಾಗಿ ಅನ್ನ ಸೇರದ ರೋಗವಾಯಿತೆಂದೂ, ಕೊನೆಗೆ ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನು ಧಾರೆಯೆರೆದು ಉಳಿಸಿದರೆಂದೂ ಐತಿಹ್ಯ ಹೇಳುತ್ತದೆ. ಈ ಕಥೆಯ ಕೇಂದ್ರದಲ್ಲಿ ಇರುವುದು ಉಣ್ಣಲೊಲ್ಲದ ಒಂದು ಊಟ. ಕರೆಯನ್ನು ನಿರಾಕರಿಸುವುದೆಂದರೆ ಕರೆದವರ ಭಾಷೆಯನ್ನು, ಅಂತಸ್ತನ್ನು ನಿರಾಕರಿಸಿದಂತೆ. ನಿರಾಕರಿಸಿದವರೇ ಮುಂದೆ ಆ ಭಾಷೆಯ ದೊಡ್ಡ ಕವಿಯಾದರು.

ಈ ಎರಡೂ ಐತಿಹ್ಯಗಳು ಊಟವನ್ನು ಕುರಿತು ಕೇಳುವ ಪ್ರಶ್ನೆಗಳು ಬೇರೆ: ಎಷ್ಟು ತಂದೆ? ಎಲ್ಲಿಂದ ತಂದೆ? ಯಾರು ಕರೆದರು? ಯಾರು ಬರಲಿಲ್ಲ, ಏಕೆ? ಇವುಗಳನ್ನು ಹಿಡಿದು 'ಒಗ್ಗರಣೆ'ಗೆ ಮರಳಿದರೆ, ವಿಮರ್ಶೆ ಅನಗತ್ಯವೆಂದು ಬದಿಗಿಟ್ಟ ಉಪಕಥೆ ತಟ್ಟನೆ ನಡುವಿಗೆ ಬರುತ್ತದೆ. ಬುಡಕಟ್ಟಿನ ಹಿರಿಯ ಕಾಳಿದಾಸನ ಮನೆಯಲ್ಲಿ ಅತಿಥಿ. ಆ ಮನೆಯ ಎಲ್ಲರಿಗೂ ನಾಲಗೆಯಿದೆ, ಇಷ್ಟಾನಿಷ್ಟಗಳಿವೆ, ನೆನಪಿನ ರುಚಿಗಳಿವೆ. ಆ ಹಿರಿಯನಿಗೆ ಯಾವುದು ಇಷ್ಟ? ಅವನ ಕಾಡಿನ ಗೆಡ್ಡೆಗೆಣಸು, ಜೇನು, ಸೊಪ್ಪುಗಳ ಊಟದ ಲೋಕವೆಲ್ಲಿ? ಊಟದ ಮಾತೇ ಬಂಡವಾಳವಾದ ಚಿತ್ರದಲ್ಲಿ ಊಟದ ಮಾತಿಲ್ಲದೆ ಇರುವವನು ಅವನೊಬ್ಬನೇ. ಅವನಲ್ಲಿರುವ ಅರಿವು ಬೇರೆಯವರ ಬೇಟೆಗೆ ವಸ್ತುವಾಗುತ್ತದೆ, ಕಾಳಿದಾಸನ ಒಳ್ಳೆಯತನಕ್ಕೆ ಸಾಕ್ಷಿಯಾಗುತ್ತದೆ, ಅಷ್ಟಕ್ಕೆ ಮುಗಿಯುತ್ತದೆ.

ಹಾಗಾದರೆ ವಿಮರ್ಶೆಯ ಆಕ್ಷೇಪ ಸರಿಯೇ? ಉಪಕಥೆ ಬೆಸೆದುಕೊಂಡಿಲ್ಲವೆಂಬುದು ನಿಜ. ಆದರೆ ಅದನ್ನು ತೆಗೆದುಹಾಕಿದ್ದರೆ ಚಿತ್ರ ಚೊಕ್ಕವಾಗುತ್ತಿತ್ತೆಂಬ ತೀರ್ಮಾನ ಅದರಿಂದ ಹುಟ್ಟುವುದಿಲ್ಲ. ಆ ಹಿರಿಯನನ್ನು ಎಲೆಯ ಮುಂದೆ ಕೂರಿಸಿ ಅವನ ರುಚಿಯನ್ನು ಕೇಳಿದ್ದರೆ ಚಿತ್ರ ಬೇರೆಯಾಗುತ್ತಿತ್ತು ಎಂಬುದು ಹೆಚ್ಚು ನ್ಯಾಯವಾದ ತೀರ್ಮಾನ. ಅತಿಥಿ ಹೆಚ್ಚಾದನೆಂದು ಹೇಳುವ ಮೊದಲು, ಅತಿಥಿಗೆ ಬಡಿಸಲಿಲ್ಲವೆಂಬುದನ್ನು ಗುರುತಿಸಬೇಕಿತ್ತು.

೭

ಲಘುಹಾಸ್ಯದ ಚಿತ್ರವೊಂದರ ಮೇಲೆ ಇಷ್ಟು ಭಾರ ಹೇರುವುದು ಸಲ್ಲದೆಂಬ ಆಕ್ಷೇಪ ಸಹಜ. ಇಬ್ಬರು ಒಂಟಿಗರು ಊಟದ ನೆಪದಲ್ಲಿ ಕೂಡುವುದನ್ನು ನೋಡಿ ಹಗುರವಾಗಿ ಹೊರಬರುವುದೂ ಕಲೆಯ ಪ್ರಯೋಜನಗಳಲ್ಲಿ ಒಂದು. ನಡುವಯಸ್ಸಿನವರ ಒಲವನ್ನು ಗೌರವದಿಂದ ಕಂಡದ್ದು, ಹೆಣ್ಣಿನ ಹಸಿವನ್ನು ಕಥೆಯ ಆರಂಭವಾಗಿಸಿದ್ದು, ಅಡುಗೆಯನ್ನು ಗಂಡಸಿನ ಕೆಲಸವಾಗಿಯೂ ತೋರಿಸಿದ್ದು 'ಒಗ್ಗರಣೆ'ಯ ಗಳಿಕೆಗಳು. ಅವನ್ನು ಅಲ್ಲಗಳೆಯಬೇಕಾಗಿಲ್ಲ.

ಆದರೆ ಪ್ರಶ್ನೆ ಚಿತ್ರವನ್ನು ಕುರಿತದ್ದಕ್ಕಿಂತ ವಿಮರ್ಶೆಯನ್ನು ಕುರಿತದ್ದು. ನಗರದ ಊಟದ ಚಿತ್ರ ಬಂದಾಗ ಆಪ್ತತೆಯನ್ನೂ, ಹಳ್ಳಿಯ ಊಟದ ಚಿತ್ರ ಬಂದಾಗ ಸಹಜತೆಯನ್ನೂ ಮಾನದಂಡವಾಗಿಸಿಕೊಂಡರೆ, ಒಂದಕ್ಕೆ ಸಮಾಜವಿಲ್ಲದಂತೆಯೂ ಇನ್ನೊಂದಕ್ಕೆ ಕಲೆಯಿಲ್ಲದಂತೆಯೂ ಆಗುತ್ತದೆ. 'ಒಗ್ಗರಣೆ'ಗೆ ಪಂಕ್ತಿಯ ಲೆಕ್ಕವನ್ನು ಕೇಳಬೇಕು. 'ತಿಥಿ'ಯಲ್ಲಿ ಒಗ್ಗರಣೆಯ ಹದವನ್ನು ಗುರುತಿಸಬೇಕು. ಜಾನಪದ ಅಧ್ಯಯನ ಚಿತ್ರವಿಮರ್ಶೆಗೆ ಕೊಡಬಹುದಾದ ನೆರವು ಇದು. ಚಿತ್ರದಲ್ಲಿ ಎಷ್ಟು ಜನಪದ ಆಚರಣೆಗಳಿವೆಯೆಂದು ಪಟ್ಟಿ ಮಾಡುವುದು ಅದರ ಕೆಲಸವಲ್ಲ. ನಗೆ ಯಾರ ಹಸಿವಿನ ಮೇಲೆ, ಯಾರ ದುಡಿಮೆಯ ಮೇಲೆ ನಿಂತಿದೆಯೆಂದು ತೋರಿಸುವುದು ಅದರ ಕೆಲಸ.

ಎಳ್ಳಮಾಸೆಯ ದಿನ ಈ ಸೀಮೆಯ ಒಕ್ಕಲಿನ ಮನೆಗಳವರು ಸಜ್ಜೆರೊಟ್ಟಿ, ಕಡಬು, ಪಲ್ಯಗಳ ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಉಣ್ಣುವ ಮುನ್ನ ಬೆಳೆಯ ಸುತ್ತ ಚರಗ ಚೆಲ್ಲುತ್ತಾರೆ. ಮೊದಲ ತುತ್ತು ಭೂಮಿಗೆ, ಹಕ್ಕಿಪಕ್ಕಿಗೆ, ಆಮೇಲೆ ನೆರೆಹೊಲದವರಿಗೆ, ದಾರಿಹೋಕರಿಗೆ, ಕೊನೆಗೆ ಮನೆಯವರಿಗೆ. ಆ ಹೊಲದೂಟದಲ್ಲಿ ನಗೆಗೇನೂ ಕೊರತೆಯಿಲ್ಲ. ಆದರೆ ಅಲ್ಲಿ ಯಾರೂ ರುಚಿ ಹೇಗಿದೆ ಎಂದು ಮೊದಲು ಕೇಳುವುದಿಲ್ಲ. ಎಲ್ಲರೂ ಬಂದರೇ ಎಂದು ಕೇಳುತ್ತಾರೆ. ಊಟದ ಚಿತ್ರಗಳನ್ನು ಅಳೆಯುವ ವಿಮರ್ಶೆಯೂ ಆ ಪ್ರಶ್ನೆಯಿಂದ ಆರಂಭಿಸಬಹುದು.